ಒಂಬತ್ತನೆಯ ಬಾಟಲಿ

ಗುರುವಾರ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆದಾಗ ಹನ್ನೆರಡು ತಟ್ಟೆಗಳಲ್ಲಿ ಹನ್ನೊಂದು ಬೋಳಾಗಿದ್ದವು. ಒಂಬತ್ತನೆಯದರ ನಡುವೆ ಮಾತ್ರ ಮಂಜಿನಂಥ ಒಂದು ಬಿಳಿ ಉಂಗುರ.

ಬಾಗಿಲು ಮುಚ್ಚಿದೆ. ಮತ್ತೆ ತೆರೆದೆ. ಉಂಗುರ ಅಲ್ಲೇ ಇತ್ತು.

ತಟ್ಟೆಗಳ ತುಂಬ ನಾನು ಹರಡಿದ್ದು ಬಿ-12 ಜೀವಸತ್ವ ಸಿಗದಿದ್ದರೆ ಬೆಳೆಯಲಾರದ ಒಂದು ಬ್ಯಾಕ್ಟೀರಿಯ. ಅದಕ್ಕೆ ಬೇಕಾದ ಉಳಿದದ್ದೆಲ್ಲ ಅಲ್ಲಿತ್ತು, ಬಿ-12 ಒಂದು ಇರಲಿಲ್ಲ. ಪ್ರತಿ ತಟ್ಟೆಯ ನಡುವೆ ನಮ್ಮ ಒಂದೊಂದು ಬಾಟಲಿಯ ಮೊಸರಿನ ಜೀವಿಗಳನ್ನು, ಹಾಲಿನ ಅಂಶ ಉಳಿಯದ ಹಾಗೆ ಮೂರು ಸಲ ತೊಳೆದು, ಒಂದು ಹನಿ ಇಟ್ಟಿದ್ದೆ. ಒಂಬತ್ತನೆಯ ಹನಿಯ ಸುತ್ತ ಬೆಳೆ ಬಂದಿದೆ ಎಂದರೆ ಆ ಹನಿ ಬಿ-12 ಉಣಿಸಿದೆ ಎಂದರ್ಥ. ಮೊಸರು ಮಾಡುವ ನಮ್ಮ ತಳಿಗೆ ಬಿ-12 ತಯಾರಿಸಲು ಬರುವುದಿಲ್ಲ. ಹದಿನೆಂಟು ವರ್ಷದ ಹಿಂದೆ ಬರುತ್ತಿರಲಿಲ್ಲ.

ಈ ಪರೀಕ್ಷೆ ಹೊಳೆದದ್ದು ನನ್ನದೇ ಕಾಯಿಲೆಯಿಂದ. ಒಂದು ವರ್ಷದಿಂದ ನನ್ನ ಬೆರಳ ತುದಿಗಳಿಗೆ ಜೋಮು. ರಕ್ತದಲ್ಲಿ ಬಿ-12 ಕಡಿಮೆಯಿದೆ, ಮಾಂಸ ತಿನ್ನದವರಲ್ಲಿ ಇದು ಸಾಮಾನ್ಯ ಎಂದು ಡಾಕ್ಟರು ವಾರಕ್ಕೊಂದು ಸೂಜಿ ಬರೆದುಕೊಟ್ಟಿದ್ದರು. ಚೀಟಿ ಹಿಡಿದು ಬರುವಾಗ ಅನ್ನಿಸಿತು: ದಿನಾ ತಿನ್ನುವ ಮೊಸರೇ ಇದನ್ನು ತಯಾರಿಸಲು ಕಲಿತರೆ?

ಕಲಿತಿತ್ತು.

"ಸರ್, ಒಂದ ನಿಮಿಷ ಒಳಗ ಬರ್ರಿ" ಎಂದೆ.

ಅಕ್ಕೂರ ಸರ್ ಕಾರಿಡಾರಿನಲ್ಲಿ ಮಂಕಿ ಟೋಪಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಎಪ್ಪತ್ನಾಲ್ಕು ವರ್ಷ. ನಿವೃತ್ತರಾಗಿ ಕಾಲವಾದರೂ ದಿನಾ ಒಂಬತ್ತೂವರೆಗೆ ಧಾರವಾಡದ ಈ ಗುಡ್ಡ ಹತ್ತಿ ಬರುತ್ತಾರೆ. ಈ ಪುಟ್ಟ ಪ್ರಯೋಗಾಲಯ ಕಟ್ಟಿದವರು ಅವರೇ.

ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಉಳದವು?"

"ಬೋಳು."

"ಎರಡನೇ ಸಲ ಮಾಡಿ ನೋಡೀಯೇನು, ಚಿನ್ಮಯಿ?"

"ಇದ ಎರಡನೇ ಸಲ, ಸರ್."

"ಮೂರನೇ ಸಲ ಮಾಡು" ಎಂದರು. ಆದರೆ ಟೋಪಿ ತೆಗೆದು ಜೇಬಿನಲ್ಲಿ ತುರುಕಿಕೊಂಡರು. ಅವರು ಟೋಪಿ ತೆಗೆದದ್ದನ್ನು ಆ ಚಳಿಗಾಲದಲ್ಲಿ ನಾನು ನೋಡಿರಲಿಲ್ಲ.

ಪ್ರಯೋಗ ಸರಳವಾದದ್ದು. ಹದಿನೆಂಟು ವರ್ಷದ ಹಿಂದೆ ಸರ್ ಮೊಸರಿನ ಬ್ಯಾಕ್ಟೀರಿಯದ ಒಂದೇ ಒಂದು ಜೀವಕೋಶದಿಂದ ತಳಿ ಬೆಳೆಸಿ, ಅದನ್ನು ಹನ್ನೆರಡು ಬಾಟಲಿ ಹಾಲಿಗೆ ಹಂಚಿದರು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ, ಪ್ರತಿ ಬಾಟಲಿಯಿಂದ ನೂರರಲ್ಲಿ ಒಂದು ಪಾಲನ್ನು ಹೊಸ ಹಾಲಿಗೆ ಹಾಕುತ್ತೇವೆ. ಭಾನುವಾರವಿಲ್ಲ, ಹಬ್ಬವಿಲ್ಲ. ದಿನಕ್ಕೆ ಆರೂವರೆ ತಲೆಮಾರು. ಇಲ್ಲಿಯವರೆಗೆ ನಲವತ್ತಮೂರು ಸಾವಿರ. ಮನುಷ್ಯರ ಲೆಕ್ಕದಲ್ಲಿ ಹತ್ತು ಲಕ್ಷ ವರ್ಷ. ನಕಲು ಮಾಡುವಾಗ ಆಗುವ ಅಕ್ಷರದೋಷಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ಕಣ್ಣೆದುರೇ ನೋಡುವುದು ನಮ್ಮ ಕೆಲಸ. ಮೂರು ತಿಂಗಳಿಗೊಮ್ಮೆ ಪ್ರತಿ ಬಾಟಲಿಯ ಒಂದು ನಳಿಕೆಯನ್ನು ಮೈನಸ್ ಎಂಬತ್ತರ ಫ್ರೀಜರಿನಲ್ಲಿ ಇಡುತ್ತೇವೆ. ಬೇಕೆಂದಾಗ ಕರಗಿಸಿದರೆ ಅಜ್ಜ ಮುತ್ತಜ್ಜಂದಿರು ಎದ್ದು ಕೂರುತ್ತಾರೆ.

ಹದಿನೆಂಟು ವರ್ಷದಲ್ಲಿ ಬಾಟಲಿಗಳು ಚುರುಕಾಗಿದ್ದವು, ಅಷ್ಟೇ. ಹೊಸ ವಿದ್ಯೆ ಏನನ್ನೂ ಕಲಿತಿರಲಿಲ್ಲ. ಸೋಮವಾರ ಪರಿಶೀಲನಾ ಸಮಿತಿ ಬರುವುದಿತ್ತು. ಪ್ರಯೋಗ ಮುಂದುವರಿಸುವುದೋ ನಿಲ್ಲಿಸುವುದೋ ಎಂದು ಅವರು ಹೇಳಬೇಕು. ನಿಲ್ಲಿಸಿ ಎಂದು ಕಳೆದ ಸಲವೇ ಅರ್ಧ ಬರೆದಿದ್ದರು.

"ಒಂದ ಮಾತು" ಎಂದರು ಸರ್. "ಬಿ-12 ಮಾಡಾಕ ಮೂವತ್ತು ಜೀನು ಬೇಕು. ಇಷ್ಟರಾಗ ಮೂವತ್ತು ಜೀನು ಎಲ್ಲಿಂದ ಬಂದ್ವು? ಬಸ್ಸ ಹತ್ತಿ ಬಂದ್ವೇನು?"

"ಓದಿ ನೋಡೂಣು, ಸರ್."

ಅಂಗೈ ಅಗಲದ ಓದುಯಂತ್ರ ನಮ್ಮಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಅದಕ್ಕೆ ಮೊದಲು ಜೀನೋಮು ಓದಿಸಲು ಹೊರಗೆ ಕಳಿಸುತ್ತಿದ್ದೆವು. ಕಡೆಯ ಐದು ವರ್ಷ ಅದೂ ನಿಂತಿತ್ತು. ಈಗ ಒಂದು ಹನಿ ಹಾಕಿದರೆ ನಲವತ್ತು ನಿಮಿಷದಲ್ಲಿ ಜೀವಿಯ ಇಡೀ ಬರಹ, ಇಪ್ಪತ್ತು ಲಕ್ಷ ಅಕ್ಷರ, ಪರದೆಯ ಮೇಲೆ ಬರುತ್ತದೆ.

ಹನಿ ಹಾಕಿದೆ. ಇಬ್ಬರೂ ಎದುರು ಕುಳಿತೆವು. ಇಪ್ಪತ್ತು ಲಕ್ಷ ದಾಟಿತು. ಯಂತ್ರ ನಿಲ್ಲಲಿಲ್ಲ. ಇಪ್ಪತ್ತೈದು. ಮೂವತ್ತು. ಸರ್ ಕುರ್ಚಿಯ ತುದಿಗೆ ಬಂದಿದ್ದರು. ನಲವತ್ತೊಂದು ಲಕ್ಷಕ್ಕೆ ನಿಂತಿತು.

"ಎರಡು ಪಟ್ಟು ಆಗೇತಿ" ಎಂದೆ.

"ಎರಡು ಪಟ್ಟು ಅಲ್ಲ. ಎರಡು ಜೀವಿ" ಎಂದರು. "ನನ್ನ ಗುರುತು ಹುಡುಕು."

ಮೂಲ ಜೀವಕೋಶದಲ್ಲಿ ಅವರು ಒಂದು ಗುರುತು ಸೇರಿಸಿದ್ದರು, ಏನೂ ಕೆಲಸ ಮಾಡದ ಅರುವತ್ತು ಅಕ್ಷರ. ನಮ್ಮ ಹನ್ನೆರಡು ಬಾಟಲಿಗಳ ಮಕ್ಕಳನ್ನೂ ಮನೆತನದ ಹೆಸರಿನಂತೆ ಗುರುತಿಸುವುದು ಅದರಿಂದ. ಹುಡುಕಿದೆ. ಎರಡರಲ್ಲೂ ಇರಲಿಲ್ಲ.

"ಕಲಬೆರಕೆ" ಎಂದರು ಸರ್. ಟೋಪಿ ಹಾಕಿಕೊಂಡರು. "ಸೋಮವಾರ ಹತ್ತಕ್ಕ ಒಂಬತ್ತನೇದನ್ನ ಆಟೋಕ್ಲೇವಿಗೆ ಹಾಕು. ಕುದ್ದು ಸಾಯಲಿ. ಅಲ್ಲೀ ತನಕಾ, ಯಾವಾಗ ಆತು, ಹೆಂಗ ಆತು ಅನ್ನೂದು ಹುಡುಕು. ಕಾರಣಾ ಸಿಗದ ಕಲಬೆರಕೆ ಕೆಟ್ಟದ್ದು. ಉಳದ ಹನ್ನೊಂದನ್ನೂ ಯಾರೂ ನಂಬೂದಿಲ್ಲ."

ಆ ಸಂಜೆ ಮನೆಯಲ್ಲಿ ಮೊಸರಿನ ಪ್ಯಾಕೆಟ್ಟು ಕತ್ತರಿಸಿ ಅನ್ನಕ್ಕೆ ಸುರಿದುಕೊಂಡೆ. ಸಿಂಕಿನ ಮೇಲಿನ ಗೂಡಿನಲ್ಲಿ ಮೊಸರಿನ ಗಡಿಗೆ ಬೋರಲು ಬಿದ್ದಿತ್ತು. ಸಂಗು ಹೋದ ಮೇಲೆ ಅದನ್ನು ಇಳಿಸಿಲ್ಲ. ಸಂಗಮನಾಥ, ನನ್ನ ಗಂಡ. ಪ್ರಯೋಗಾಲಯದ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದ. ಮೂರು ವರ್ಷದ ಹಿಂದೆ ಹುಬ್ಬಳ್ಳಿ ರಸ್ತೆಯ ಅಪಘಾತದಲ್ಲಿ ಹೋದ.

ಗುರುವಾರ ನರಗುಂದದಿಂದ ಅತ್ತೆ ಫೋನು ಮಾಡುತ್ತಾರೆ. ಅವರು ಹೇಗಿದ್ದೀ ಎಂದು ಕೇಳುವುದಿಲ್ಲ.

"ನಮ್ಮ ಹೆಪ್ಪ ಹೆಂಗೈತಿ?"

ಮದುವೆಯಾದ ವಾರ ಅವರು ಸ್ಟೀಲಿನ ಡಬ್ಬಿಯಲ್ಲಿ ಕೊಟ್ಟ ಹೆಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಬಸ್ಸಿನಲ್ಲಿ ಧಾರವಾಡಕ್ಕೆ ಬಂದಿದ್ದೆ.

"ಚೊಲೋ ಐತ್ರಿ, ಅತ್ತಿ" ಎಂದೆ. ಮೂರು ವರ್ಷದಿಂದ ಹೇಳುತ್ತಿರುವ ಸುಳ್ಳು. ನನ್ನ ಕೈಯಲ್ಲಿ ಆ ಹೆಪ್ಪು ಸತ್ತಿತ್ತು.

ಶುಕ್ರವಾರ ಬೆಳಗಿನಿಂದ ಸಂಜೆಯವರೆಗೆ ಓದಿದೆ. ಮೊದಲು ಉಳಿದ ಹನ್ನೊಂದು ಬಾಟಲಿ: ಹನ್ನೊಂದರಲ್ಲೂ ಗುರುತು ಇತ್ತು. ಆಮೇಲೆ ಒಂಬತ್ತನೆಯದರ ಹಳೆಯ ನಳಿಕೆಗಳು. ಕಡೆಯದು ಎಪ್ಪತ್ತೆರಡನೆಯದು. ಅಲ್ಲಿಂದ ಹಿಂದಕ್ಕೆ ನಡೆದೆ. ಅರುವತ್ತು, ಗುರುತಿಲ್ಲ. ಐವತ್ತು, ಗುರುತಿದೆ. ಐವತ್ತೇಳು, ಇಲ್ಲ. ಐವತ್ತಾರು, ಇದೆ. ಬೇಟೆ ಸಣ್ಣ ಸಂದಿಗೆ ಸಿಕ್ಕಿತ್ತು: ನಾಲ್ಕು ವರ್ಷದ ಹಿಂದಿನ ಮೂರು ತಿಂಗಳು.

ಆ ಮೂರು ತಿಂಗಳ ದಾಖಲೆ ಪುಸ್ತಕ ತೆಗೆದೆ. ಪ್ರತಿದಿನ ನನ್ನ ಸಹಿ. ನಾಲ್ಕು ದಿನ ಮಾತ್ರ ಸಹಿಯ ಜಾಗದಲ್ಲಿ ಒಂದು ಗೀಟು. ನಾನು ಪುಣೆಗೆ ಹೋಗಿದ್ದ ನಾಲ್ಕು ದಿನ. ಗೀಟು ನೀಲವ್ವಳದು.

ಹದಿನೆಂಟು ವರ್ಷದಿಂದ ಬಾಟಲಿ ತೊಳೆಯುವವಳು ನೀಲವ್ವ. ಪಿಪೆಟ್ ಹಿಡಿದರೆ ಅವಳ ಕೈ ನನ್ನ ಕೈಗಿಂತ ಗಟ್ಟಿ. ಇನ್ನೆರಡು ತಿಂಗಳಿಗೆ ಅವಳ ನಿವೃತ್ತಿ.

ಶನಿವಾರ ಹತ್ತರ ಕೆಲಸ ಮುಗಿದ ಮೇಲೆ ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತೆ.

"ನೀಲವ್ವಾ, ನಾ ಪುಣೆಕ್ಕ ಹೋದಾಗ ಒಂಬತ್ತನೇ ಬಾಟಲಿಗೆ ಏನ ಆತು?"

ಅವಳು ಬ್ರಷ್ಷು ಕೆಳಗಿಟ್ಟಳು. ಕೈ ಒರೆಸಿಕೊಂಡಳು.

"ಹಾಲ ಬಿಸಿ ಇತ್ರಿ, ಬಾಯಾರ."

"ಯಾವ ಹಾಲು?"

"ಒಂಬತ್ತನೇ ಬಾಟಲಿ ಸೀಳಿತ್ರಿ. ಗಡಿಬಿಡಿಯೊಳಗ ಬ್ಯಾರೇ ಹಾಲ ಕುದಿಸಿ, ಆರೂದರಾಗ ಹಾಕಿಬಿಟ್ಟೆ. ಮರದಿನ ಬೆಳಿಗ್ಗಿ ನೋಡತೀನಿ, ಹಾಲು ಹಾಲನ ಐತಿ. ಹೆಪ್ಪ ಸತ್ತಿತ್ತು."

"ಹಿಂದಿನ ದಿನದ ಬಾಟಲಿ ಫ್ರಿಜ್ಜಿನ್ಯಾಗ ಇರತೈತಲ್ಲ."

"ಅದನ್ನ ತೊಳದಿಟ್ಟಿದ್ದೆರಿ. ನನಗ ಸ್ವಚ್ಛ ಭಾಳ."

"ಫ್ರೀಜರಿನ ನಳಿಕಿ?"

"ಕೀಲಿಕೈ ನಿಮ್ಮ ಪರ್ಸಿನ್ಯಾಗ ಪುಣೆಕ್ಕ ಹೋಗಿತ್ತಲ್ರಿ." ಅವಳ ದನಿಯಲ್ಲಿ ಸ್ವಲ್ಪ ಆಕ್ಷೇಪವೂ ಇತ್ತು. "ದಿನಾ ತಪ್ಪಬಾರದು ಅಂತ ಸರ್ ಮದಲನೇ ದಿನಾನ ಹೇಳಿದ್ರು. ಹತ್ತಕ್ಕ ಆಗಲಿಲ್ಲ. ದಿನಾ ಎಲ್ಲಾ ಒದ್ದಾಡಿದೆ. ಸಂಜೀಕ ಹೊಳೀತು, ಮನ್ಯಾಗ ಹೆಪ್ಪ ಸತ್ತರ ಏನ ಮಾಡತೀವಿ? ಬಾಜೂಮನಿಯಾಗ ಇಸ್ಕೊತೀವಿ. ಕೆಳಗ ನಾಕ ಮನಿಗೆ ಹೋದೆ. ದೀಪಾ ಹಚ್ಚಿದ್ರು. ದೀಪಾ ಹಚ್ಚಿದ ಮ್ಯಾಲೆ ಯಾರ ಮಸರ ಕೊಡತಾರ್ರೀ? ಹೊಳ್ಳಿ ಬಂದೆ. ಇಲ್ಲೆ ಕಿಟಕ್ಯಾಗ ಬುತ್ತಿ ಡಬ್ಬಿ ಇತ್ತು. ಅದರಾಗಿಂದ ಅರ್ಧಾ ಚಮಚ ತಗೊಂಡು ಹಾಕಿದೆ."

"ಯಾರ ಬುತ್ತಿ?"

ನೀಲವ್ವ ನನ್ನ ಮುಖ ನೋಡಲಿಲ್ಲ.

"ನಮ್ಮ ಸಂಗಮನಾಥ ಸರ್ದು. ಅವತ್ತ ಅವರು ಹುಬ್ಬಳ್ಳಿಗೆ ಏನೋ ಸಾಮಾನ ತರಾಕ ಹೋಗಿದ್ರು, ಉಂಡಿದ್ದಿಲ್ಲ. ಹೊಳ್ಳಿ ಬಂದಾಗ ಹೇಳಿದ್ನೆರಿ, ಒಂದ ಚೂರ ಮಸರ ತಗೊಂಡೆ ಅಂತ. ಯಾಕಂತ ಕೇಳಲಿಲ್ಲ. 'ಹೆಪ್ಪಿಗೆ ಇಲ್ಲ ಅನಬಾರದು, ತಗೋ ನೀಲವ್ವಾ' ಅಂದ್ರು."

ಪುಣೆಗೆ ಅವನ ಫೋನು ಬಂದಿತ್ತು. ನಿನ್ನ ಲ್ಯಾಬಿನ್ಯಾಗ ಮಸರ ಕಳ್ಳರು ಅದಾರ ಎಂದು ನಕ್ಕಿದ್ದ. ನಾನು ಭಾಷಣದ ತಯಾರಿಯಲ್ಲಿದ್ದೆ, ಹೂಂ ಎಂದು ಇಟ್ಟಿದ್ದೆ.

ನಾನು ಎದ್ದು ಇನ್‌ಕ್ಯುಬೇಟರಿನ ಹತ್ತಿರ ಹೋದೆ. ಗಾಜಿನ ಆಚೆ, ಎಂಟು ಮತ್ತು ಹತ್ತರ ನಡುವೆ, ಒಂಬತ್ತನೆಯ ಬಾಟಲಿ ಎಲ್ಲದರಂತೆ ಬೆಳ್ಳಗೆ ಕುಳಿತಿತ್ತು. ನನ್ನ ಅಡುಗೆಮನೆಯಲ್ಲಿ ಸತ್ತದ್ದು ಇಲ್ಲಿ, ನನ್ನ ಕೈಯಿಂದಲೇ, ನಾಲ್ಕು ವರ್ಷ ದಿನಾ ಹೊಸ ಹಾಲು ಕುಡಿದು ಬದುಕಿತ್ತು. ಸೋಮವಾರ ಹತ್ತಕ್ಕೆ ಅದನ್ನು ನಾನು ಕುದಿಸಬೇಕು.

"ಬಾಯಾರ, ನನ್ನ ಕೆಲಸಾ ಹೋಗತೈತೇನ್ರಿ?"

"ಗೊತ್ತಿಲ್ಲ" ಎಂದೆ. "ನಾಳೆ ಭಾನುವಾರ ಹತ್ತಕ್ಕ ನೀನ ಹಾಕು. ಹಾಲು ಆರಿರಲಿ. ನಾ ನರಗುಂದಕ್ಕ ಹೊಂಟೀನಿ."

ನೀಲವ್ವಳ ಮಾತು ಮಾತಷ್ಟೇ. ಸಮಿತಿಗೆ ಸಾಕ್ಷಿ ಬೇಕು. ನನ್ನ ಗಡಿಗೆ ಬತ್ತಿತ್ತು, ಆದರೆ ಅದರ ತಾಯಿ ಗಡಿಗೆ ನರಗುಂದದಲ್ಲಿತ್ತು. ಓದುಯಂತ್ರವನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಫ್ರೀಜರಿನಿಂದ ಏನನ್ನೂ ತೆಗೆಯಲಿಲ್ಲ. ಐವತ್ತೇಳನೆಯ ನಳಿಕೆಯ ಬರಹ ಲ್ಯಾಪ್‌ಟಾಪಿನಲ್ಲಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಎರಡೂ ಕಡೆ ಕರಿಹೊಲದಲ್ಲಿ ಕಡಲೆ ಕಾಯಿ ಕಟ್ಟಿತ್ತು. ನವಲಗುಂದ ದಾಟುವಾಗ ನಾನು ಮಂಡಕ್ಕಿ ತೆಗೆದುಕೊಂಡು ಪೊಟ್ಟಣ ಪೂರ್ತಿ ತಿಂದೆ.

ಅತ್ತೆ ಬಾಗಿಲಲ್ಲಿ ನಿಂತು ಚೀಲ ನೋಡಿದರು, ನನ್ನನ್ನು ನೋಡಿದರು. ಎರಡು ವರ್ಷದಿಂದ ನಾನು ಆ ಮನೆಗೆ ಬಂದಿರಲಿಲ್ಲ.

"ಉಂಡಿ?"

"ಮಂಡಕ್ಕಿ ತಿಂದೀನ್ರಿ."

"ಅದು ಊಟಾ ಅಲ್ಲ" ಎಂದು ಒಳಗೆ ಹೋದರು.

ಅಡುಗೆಮನೆಯ ಕಟ್ಟೆಯ ಮೇಲೆ ಯಂತ್ರ ಇಟ್ಟೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಹೇಳಬೇಕಾದದ್ದನ್ನು ಆ ತಟ್ಟುವ ಸಪ್ಪಳದ ನಡುವೆ ಹೇಳಿದೆ.

"ಅತ್ತಿ, ನಾ ಸುಳ್ಳ ಹೇಳೀನಿ. ನೀವು ಕೊಟ್ಟ ಹೆಪ್ಪ ಮೂರು ವರ್ಷದ ಹಿಂದೇ ಹೋತು. ನಾನ ಹಾಕಲಿಲ್ಲ."

"ಗೊತ್ತೈತಿ."

"ಹೆಂಗ?"

"ಹೋದ ವರ್ಷ ನಿನ್ನ ಮನಿಗೆ ಬಂದಾಗ ಫ್ರಿಜ್ಜಿನ್ಯಾಗ ಪಾಕೀಟ ನೋಡೀನಿ. ಕಣ್ಣ ಇನ್ನೂ ಚೊಲೋ ಅದಾವ."

"ಮತ್ತ ವಾರಾ ವಾರಾ ಯಾಕ ಕೇಳತಿದ್ರಿ?"

"ಒಂದ ದಿನಾ ನೀನ ಬೇಡಲಿ ಅಂತ." ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರಿದರು. "ಈಗ ಬೇಡಾಕ ಬಂದೀಯೋ, ಈ ಡಬ್ಬಿಗೆ ಉಣಸಾಕ ಬಂದೀಯೋ?"

"ಮದಲ ಡಬ್ಬಿಗೆ."

"ನನ್ನ ಮಸರಿನ ಜಾತಕಾ ಹೇಳತೈತೇನು ಅದು?"

"ಹೇಳತೈತ್ರಿ."

ಗಡಿಗೆಯಿಂದ ಒಂದು ಚೂರು ತೆಗೆದು ಹನಿ ಹಾಕಿದೆ. ನಲವತ್ತು ನಿಮಿಷ. ಊಟಕ್ಕೆ ಕುಳಿತರೂ ಕಣ್ಣು ಕಟ್ಟೆಯ ಮೇಲೇ. ಇಪ್ಪತ್ತು ಲಕ್ಷ ದಾಟಿತು. ನಿಲ್ಲಲಿಲ್ಲ. ನಲವತ್ತೊಂದು ಲಕ್ಷಕ್ಕೆ ನಿಂತಿತು.

ಎಂಜಲು ಕೈಯಲ್ಲೇ ಎದ್ದೆ.

ಅವೇ ಎರಡು. ಒಂದರಲ್ಲಿ ಬಿ-12 ತಯಾರಿಸುವ ಮೂವತ್ತು ಜೀನು, ಸಾಲಾಗಿ, ಒಂದೂ ಮುರಿಯದೆ. ಇನ್ನೊಂದರಲ್ಲಿ ಅವು ಇಲ್ಲ. ಅದು ಬಿ-12ಕ್ಕೆ ಮೊದಲನೆಯದರ ಕೈ ನೋಡಬೇಕು. ಆದರೆ ಹಾಲಿನ ಸಾರವನ್ನು ಒಡೆಯಲು ಬರುವುದು ಎರಡನೆಯದಕ್ಕೇ, ಆ ಸಾರಕ್ಕೆ ಮೊದಲನೆಯದು ಎರಡನೆಯದರ ಕೈ ನೋಡಬೇಕು. ಒಂದನ್ನು ಬಿಟ್ಟು ಒಂದು ಬಾಳುವುದಿಲ್ಲ. ಹೆಪ್ಪಿನ ಚಮಚ ದಿನಾ ಎರಡನ್ನೂ ಒಟ್ಟಿಗೆ ಎತ್ತಿ ಹೊಸ ಹಾಲಿಗೆ ಹಾಕುತ್ತದೆ. ಎಲ್ಲಿಂದಲೋ ಎಂದೋ ಬಂದ ಮೂವತ್ತು ಜೀನು ಸವೆಯದೆ ಉಳಿದದ್ದು ಈ ಕೊಡುಕೊಳ್ಳುವಿಕೆಯಿಂದ. ನಮ್ಮ ಹನ್ನೆರಡು ಬಾಟಲಿಗಳಲ್ಲಿ ಇದು ಹತ್ತು ಲಕ್ಷ ತಲೆಮಾರಿಗೂ ಆಗುತ್ತಿರಲಿಲ್ಲ. ಶುದ್ಧವಾಗಿರಲಿ ಎಂದು ನಾವು ಪ್ರತಿಯೊಂದನ್ನೂ ಒಂಟಿಯಾಗಿ ಬೆಳೆಸಿದ್ದೆವು.

ಇದನ್ನು ಅತ್ತೆಗೆ ಹೇಳಿದೆ.

"ನೆಗೆಣ್ಣೇರ ಇದ್ದಂಗ" ಎಂದರು ಅವರು. ಒಂದೇ ಮನೆಗೆ ಬಂದ ಇಬ್ಬರು ಸೊಸೆಯರು. "ಒಬ್ಬಾಕಿ ಹಿಟ್ಟ ನಾದತಾಳ, ಒಬ್ಬಾಕಿ ಬೇಯಸ್ತಾಳ. ಜಗಳಾ ಆಡತಾರ, ಬ್ಯಾರೇ ಆದ್ರ ಇಬ್ಬರೂ ಉಪವಾಸ." ಆಮೇಲೆ ನೆನಪಾದಂತೆ, "ಹೋದ ದೀಪಾವಳಿಗೆ ಊರಾಗ ಕ್ಯಾಂಪ ಹಾಕಿದ್ರು. ನಮ್ಮ ಓಣಿ ಮುದುಕೇರಿಗೆಲ್ಲಾ ಅದೇ ನಿನ್ನ ಸೂಜಿ ಬರದ್ರು. ನನಗ, ಕಾಶವ್ವಗ ಬ್ಯಾಡ ಅಂದ್ರು."

"ಕಾಶವ್ವ ಯಾರ್ರಿ?"

"ಬಾಜೂಮನಿಯಾಕಿ. ಸಂಗು ಹುಟ್ಟಿದ ವರ್ಷ ಆಕಿ ಗಡಿಗಿ ಒಡೀತು. ನಾನ ಹೆಪ್ಪ ಕೊಟ್ಟೆ."

ನಾನು ಪರದೆಯ ಕಡೆ ತಿರುಗಿದೆ. ಯಂತ್ರ ಆಗಲೇ ಲೆಕ್ಕ ಕೊಟ್ಟಿತ್ತು: ಅತ್ತೆಯ ಗಡಿಗೆಗೂ ಇಂದಿನ ಒಂಬತ್ತನೆಯ ಬಾಟಲಿಗೂ ಎಂಬತ್ತಮೂರು ಅಕ್ಷರ ವ್ಯತ್ಯಾಸ. ನಮ್ಮ ಬಾಟಲಿಗಳಲ್ಲಿ ವರ್ಷಕ್ಕೆ ಸುಮಾರು ಐದು ಅಕ್ಷರ ಬದಲಾಗುತ್ತವೆ. ಗಡಿಗೆಯಲ್ಲೂ ಹಾಗೇ ಆದರೆ, ಎರಡು ಕವಲು ಸೇರಿ ವರ್ಷಕ್ಕೆ ಹತ್ತು. ಎಂಬತ್ತಮೂರು ಎಂದರೆ ಬೇರೆಯಾಗಿ ಎಂಟು ವರ್ಷದ ಮೇಲೆ ಮೂರ್ನಾಲ್ಕು ತಿಂಗಳು. ನಮ್ಮ ಮದುವೆಯಾಗಿ ಎಂಟು ವರ್ಷ ಮೂರು ತಿಂಗಳು.

ಆದರೆ ಗಡಿಗೆಯ ಗಡಿಯಾರ ಬಾಟಲಿಯ ಹಾಗೇ ನಡೆಯುತ್ತದೆ ಎಂದು ಯಾರು ಹೇಳಿದರು? ಮೂರನೆಯ ಸಾಕ್ಷಿ ಬೇಕಿತ್ತು, ತಾರೀಖು ಗೊತ್ತಿರುವ ಸಾಕ್ಷಿ. ನಳಿಕೆ ಹಿಡಿದು ಓಡಿದೆ.

ಕಾಶವ್ವ ಹೊಸ್ತಿಲಲ್ಲೇ ತಡೆದಳು.

"ಯಾರ? ಶಿವಗಂಗವ್ವನ ಸೊಸಿ? ಬಾ ಯವ್ವಾ, ಕುಂದರು. ಮಸರು? ಈಗ ಇಲ್ಲ."

"ಒಂದ ಹನಿ ಸಾಕ್ರಿ, ಪರೀಕ್ಷಾ ಮಾಡಾಕ."

"ದೀಪಾ ಹಚ್ಚೇನಿ. ದೀಪಾ ಹಚ್ಚಿದ ಮ್ಯಾಲೆ ಹಾಲು ಮಸರು ಹೊಸ್ತಿಲಾ ದಾಟೂದಿಲ್ಲ. ಪರೀಕ್ಷಾಕಾದ್ರೂ ಅಷ್ಟ, ಪಂಚಾಯ್ತಿಗಾದ್ರೂ ಅಷ್ಟ. ಮುಂಜಾನೆ ಬಾ, ಗಡಿಗಿ ತುಂಬ ಕೊಡತೀನಿ."

ಹಾಗಾಗಿ ಆ ಮನೆಯಲ್ಲಿ ಉಳಿದೆ. ಅತ್ತೆ ಸಂಗುವಿನ ಕೋಣೆಯಲ್ಲಿ ಹಾಸಿದರು. ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಕಾಶವ್ವನ ಮೊಸರು ಯಂತ್ರದಲ್ಲಿತ್ತು. ಈ ಸಲ ಅತ್ತೆಯೂ ಕಾಶವ್ವನೂ ಕಟ್ಟೆಗೆ ಒರಗಿ ನಿಂತಿದ್ದರು. ಸಂಗು ಇದ್ದಿದ್ದರೆ ಅವನಿಗೆ ಈಗ ಮೂವತ್ತಾರು. ಗಡಿಯಾರ ಸರಿಯಿದ್ದರೆ ಅತ್ತೆಗೂ ಕಾಶವ್ವನಿಗೂ ಮುನ್ನೂರ ಅರುವತ್ತರ ಆಸುಪಾಸು ವ್ಯತ್ಯಾಸ ಬರಬೇಕು.

ಮುನ್ನೂರ ಐವತ್ತೆರಡು ಬಂತು.

"ಪಾಸಾತೇನು?" ಎಂದಳು ಕಾಶವ್ವ.

"ಪಾಸಾತ್ರಿ" ಎಂದೆ.

ಈಗ ಮೂರು ಬರಹ ಇದ್ದುದರಿಂದ ಯಾವ ಅಕ್ಷರ ಯಾವ ಕವಲಿನಲ್ಲಿ ಬದಲಾಯಿತೆಂದು ಬೇರ್ಪಡಿಸಬಹುದಿತ್ತು. ಅತ್ತೆಯಲ್ಲೂ ಕಾಶವ್ವನಲ್ಲೂ ಒಂದೇ ಇದ್ದು ಐವತ್ತೇಳನೆಯ ನಳಿಕೆಯಲ್ಲಿ ಮಾತ್ರ ಬೇರೆ ಇರುವವು ಎಷ್ಟು? ಯಂತ್ರಕ್ಕೆ ಪಟ್ಟಿ ಮಾಡಲು ಹೇಳಿದೆ. ಇಪ್ಪತ್ತೊಂದು. ಇವುಗಳಲ್ಲಿ ಒಂದೋ ಎರಡೋ ಬಾಟಲಿಯಲ್ಲಿ ಆದವಿರಬಹುದು. ಉಳಿದವು ಮದುವೆಯ ವಾರಕ್ಕೂ ನೀಲವ್ವಳ ಅರ್ಧ ಚಮಚಕ್ಕೂ ನಡುವಿನ ನಾಲ್ಕು ವರ್ಷದಲ್ಲಿ, ನನ್ನ ಅಡುಗೆಮನೆಯಲ್ಲಿ, ನಾನು ಹಾಲು ಕಾಯಿಸಿ ಅವನು ಹೆಪ್ಪು ಹಾಕಿದ ಸಂಜೆಗಳಲ್ಲಿ, ಆದವು. ಬೇರೆ ಯಾವ ಗಡಿಗೆಯಲ್ಲೂ ಅವು ಇಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಮತ್ತೆ ಓದಿದೆ.

ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟು, "ಹಾಲು ಉಕ್ಕತೈತಿ, ಆಕಡೆ ಸರಿ" ಎಂದರು.

ಸೋಮವಾರ ಒಂಬತ್ತೂವರೆಗೆ ಆಟೋಕ್ಲೇವ್ ಬುಸುಗುಟ್ಟುತ್ತಿತ್ತು. ಅಕ್ಕೂರ ಸರ್ ಕೋಟು ಹಾಕಿಕೊಂಡು ಬಂದಿದ್ದರು, ಹನ್ನೊಂದಕ್ಕೆ ಸಮಿತಿ. ನೀಲವ್ವ ಬಾಗಿಲ ಬದಿ ಸೆರಗು ಹಿಂಡುತ್ತ ನಿಂತಿದ್ದಳು.

"ಕಾರಣಾ ಸಿಕ್ಕಿತೇನು?"

"ಸಿಕ್ಕಿತು, ಸರ್. ಉಳದ ಹನ್ನೊಂದರಾಗೂ ನಿಮ್ಮ ಗುರುತು ಐತಿ. ಎಲ್ಲಾ ಓದೀನಿ."

"ಚೊಲೋ ಆತು. ಒಂಬತ್ತನೇದನ್ನ ಒಳಗ ಹಾಕು."

"ಹಾಕೂ ಮದಲ ಇದನ್ನ ನೋಡ್ರಿ. ಮೂವತ್ತು ಜೀನು ಬಸ್ಸ ಹತ್ತಿ ಬಂದ್ವೇನು ಅಂದಿದ್ರಿ. ಬಸ್ಸ ಹತ್ತೇ ಬಂದಾವು. ನರಗುಂದದಿಂದ, ನನ್ನ ತೊಡಿ ಮ್ಯಾಲೆ."

ಹಾಳೆ ಹಾಸಿದೆ. ಸತ್ತ ನನ್ನದೂ ಸೇರಿ ಮೂರು ಗಡಿಗೆ, ಒಂದು ಬಾಟಲಿ, ಕವಲು ಕವಲಾಗಿ ಒಂದು ಮರ, ಕವಲಿಗೊಂದು ತಾರೀಖು. ಸರ್ ಕನ್ನಡಕ ಹಣೆಗೇರಿಸಿ ಹಾಳೆಗೆ ಮೂಗು ತಾಗುವಷ್ಟು ಬಾಗಿದರು. ಮುನ್ನೂರ ಐವತ್ತೆರಡು ಎಂಬಲ್ಲಿ ಬೆರಳಿಟ್ಟರು.

"ಈ ತಾರೀಖು ಯಾರ ಹೇಳಿದ್ದು?"

"ನಮ್ಮತ್ತಿ. ಅವರ ಹೆಪ್ಪ ಅವರ ಅತ್ತಿಯಿಂದ ಬಂದದ್ದು. ಅದಕ್ಕೂ ಹಿಂದಿಂದು ಗೊತ್ತಿಲ್ಲ. ಬ್ಯಾರೇ ಓಣಿಯೊಳಗ ಇನ್ನೂ ಒಂಬತ್ತು ಮನಿಗೆ ಹೋಗೇತಂತ."

ಸರ್ ತಿರುಗಿದರು. "ನೀಲವ್ವಾ. ನಾಕ ವರ್ಷ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ, ಸರ. ಮಸರ ಚೊಲೋ ಆಗಿತ್ತು."

ಅವರು ನಗಲಿಲ್ಲ. ಗೋಡೆ ಗಡಿಯಾರ ಹತ್ತಕ್ಕೆ ಐದು ನಿಮಿಷ ಎನ್ನುತ್ತಿತ್ತು.

"ಕಲಬೆರಕೆ ಅಂದ್ರ ಕಲಬೆರಕೆನ" ಎಂದರು. "ನನ್ನ ಪ್ರಯೋಗದಾಗ ಇದಕ್ಕ ಜಾಗಾ ಇಲ್ಲ. ಐವತ್ತಾರನೇ ನಳಿಕಿ ಕರಗಿಸಿ ಒಂಬತ್ತನೇದನ್ನ ಹೊಸದಾಗಿ ಶುರು ಮಾಡು."

ನಾನು ಬಾಟಲಿ ಹಿಡಿದು ನಿಂತಿದ್ದೆ. ಬೆರಳಿಗೆ ಗಾಜು ಬೆಚ್ಚಗಿರುವುದು ಗೊತ್ತಾಗುತ್ತಿರಲಿಲ್ಲ, ಜೋಮು. ಅಂಗೈಗೆ ಗೊತ್ತಾಗುತ್ತಿತ್ತು.

ಸರ್ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಆಟೋಕ್ಲೇವಿನ ಕಡೆ ಹೋಗಲಿಲ್ಲ. ಉಗುರಿನಿಂದ 9 ಎಂಬ ಚೀಟಿ ಕಿತ್ತರು. ಹೊಸ ಪಟ್ಟಿ ಅಂಟಿಸಿ ಮಾರ್ಕರಿನಲ್ಲಿ 13 ಎಂದು ಬರೆದರು.

"ಇದು ಬ್ಯಾರೇ ಪ್ರಯೋಗ. ನಂದು ಬರೇ ಹದಿನೆಂಟು ವರ್ಷದ್ದು. ಇದನ್ನ ಮಾಡಿಕೋತ ಬಂದವರ ಹೆಸರ ಕೆಳಗ ಬರಿ. ಎಲ್ಲಾರದೂ."

ಬರೆದೆ. ಶಿವಗಂಗವ್ವ. ಚಿನ್ಮಯಿ. ಸಂಗಮನಾಥ. ಜಾಗ ಸಾಲದೆ ಚಿಕ್ಕದಾಗಿ, ನೀಲವ್ವ.

"ನಂದ್ಯಾಕ್ರಿ?" ಎಂದಳು ಅವಳು.

"ಹಾಲ ಬಿಸಿ ಇತ್ತಲ್ಲ, ಅದಕ್ಕ" ಎಂದರು ಸರ್. "ಹತ್ತಾತು. ಹಾಕ್ರಿ."

ಸಮಿತಿಯ ಮುಂದೆ ಎಲ್ಲವನ್ನೂ ಆದದ್ದು ಆದ ಹಾಗೆ ಹೇಳಿದೆ, ತಪ್ಪಿನಿಂದಲೇ ಶುರು ಮಾಡಿ. ಇಂಥ ಗಡಿಗೆಗಳು ಎಷ್ಟಿರಬಹುದು ಎಂದು ಒಬ್ಬರು ಕೇಳಿದರು. ಮನೆಗೊಂದು ಎಂದರು ಅಕ್ಕೂರ ಸರ್, ಪ್ಯಾಕೆಟ್ಟು ಬರುವ ಮೊದಲು. ಇನ್ನೆಷ್ಟು ಉಳಿದಿವೆಯೋ, ಅವು ಏನೇನು ಕಲಿತಿವೆಯೋ ಗೊತ್ತಿಲ್ಲ, ಸಾಯುವ ಮೊದಲು ಓದಬೇಕು. ಸಮಿತಿಯವರು ಎರಡು ತಾಸು ಕುಳಿತರು. ಹದಿಮೂರು ಬಾಟಲಿಗಳನ್ನೂ ಮುಂದುವರಿಸಬೇಕು ಎಂದು ಬರೆದು ಹೋದರು. ನೀಲವ್ವಳ ಬಗ್ಗೆ ಏನೂ ಬರೆಯಲಿಲ್ಲ. ನಿವೃತ್ತಿಯಾಗುವವರೆಗೆ ಓಣಿ ಓಣಿ ತಿರುಗಿ ಹೆಪ್ಪು ಸಂಗ್ರಹಿಸುವುದು ಅವಳ ಕೆಲಸ ಎಂದು ಸರ್ ಗೊತ್ತು ಮಾಡಿದರು. ದೀಪ ಹಚ್ಚುವ ಮೊದಲು ಎಂದು ಅವಳೇ ಸೇರಿಸಿದಳು.

ಪ್ರಯೋಗಾಲಯದ ಬಾಟಲಿಯಿಂದ ಯಾರೂ ತಿನ್ನುವಂತಿಲ್ಲ. ಆ ಇಪ್ಪತ್ತೊಂದು ಅಕ್ಷರ ಅಲ್ಲೇ ಇರುತ್ತವೆ, ದಿನಾ ಹತ್ತಕ್ಕೆ ಹೊಸ ಹಾಲು ಕುಡಿಯುತ್ತ.

ಸಂಜೆ ಮನೆಗೆ ಬಂದು ಗೂಡಿನಿಂದ ಗಡಿಗೆ ಇಳಿಸಿ ತೊಳೆದೆ. ಹಾಲು ಕಾಯಿಸಿದೆ. ಬೆರಳಿಗೆ ಬಿಸಿ ಸರಿಯಾಗಿ ತಿಳಿಯದು ಎಂದು ಮಣಿಕಟ್ಟು ತಾಗಿಸಿ ನೋಡಿದೆ. ಇನ್ನೂ ಬಿಸಿ. ಕಾದೆ. ಮತ್ತೆ ತಾಗಿಸಿದೆ. ನಿನ್ನೆ ಅತ್ತೆಯಿಂದ ಬೇಡಿ ತಂದ ಡಬ್ಬಿಯಿಂದ ಅರ್ಧ ಚಮಚ ಹಾಕಿ, ಚಳಿಗೆ ಟವೆಲು ಸುತ್ತಿದೆ.

ವರ್ಷಕ್ಕೆ ಐದು. ಮೊದಲನೆಯ ಅಕ್ಷರ ಬದಲಾಗಲು ಎರಡು ತಿಂಗಳ ಮೇಲೆ ಬೇಕು. ಅಲ್ಲಿಯವರೆಗೂ ಗಡಿಗೆ ಅಲುಗಾಡಿಸಬಾರದು ಎಂದೇನಿಲ್ಲ, ಈ ರಾತ್ರಿ ಅಲುಗಾಡಿಸದಿದ್ದರೆ ಸಾಕು. ದೀಪ ಹಚ್ಚಿ ಫೋನು ಎತ್ತಿಕೊಂಡೆ. ಅಂದು ಗುರುವಾರವಲ್ಲ.

"ಅತ್ತಿ, ಹೆಪ್ಪ ಹಾಕೀನಿ."